ಮುಚ್ಚಿದ ಬಾಗಿಲಿನ ಈಚೆ: ‘ಡೌನ್‌ಫಾಲ್’ ಚಿತ್ರದಲ್ಲಿ ಸರ್ವಾಧಿಕಾರಿಯ ಖಾಸಗಿ ಬದುಕು

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ನನ್ನ ದನಿ ಕೇಳ್ತಾ ಉಂಟು ಅಂತ ಭಾವಿಸಿ ಶುರು ಮಾಡ್ತೇನೆ. ನಾನು ಆರಿಸಿಕೊಂಡ ಚಿತ್ರ 2004ರ ಜರ್ಮನ್ ಚಿತ್ರ ‘ಡೇರ್ ಉಂಟರ್‌ಗಾಂಗ್’. ‘ಡೌನ್‌ಫಾಲ್’ ಎಂಬ ಇಂಗ್ಲಿಷ್ ಹೆಸರಿನಲ್ಲಿ ನಿಮಗೆಲ್ಲ ಗೊತ್ತಿರುವುದು ಇದೇ. ನಿರ್ದೇಶಕ ಒಲಿವರ್ ಹಿರ್ಷ್‌ಬೀಗಲ್. ಚಿತ್ರಕಥೆ ಬರೆದವರು ಮತ್ತು ನಿರ್ಮಾಪಕರು ಬರ್ನ್ಡ್ ಐಖಿಂಗರ್. ಹಿಟ್ಲರನಾಗಿ ನಟಿಸಿದವರು ಸ್ವಿಟ್ಜರ್ಲೆಂಡಿನ ಬ್ರೂನೋ ಗಾಂಜ್. ಸುಮಾರು ಎರಡೂವರೆ ಗಂಟೆಯ ಈ ಚಿತ್ರದ ಹೆಚ್ಚಿನ ಭಾಗ ನಡೆಯುವುದು ಬರ್ಲಿನ್ನಿನ ನೆಲದಡಿಯ ಬಂಕರಿನಲ್ಲಿ. 1945ರ ಏಪ್ರಿಲ್ 20, ಅಂದರೆ ಹಿಟ್ಲರನ 56ನೇ ಹುಟ್ಟುಹಬ್ಬದ ದಿನದಿಂದ ಮುಂದಿನ ಹತ್ತು ಹನ್ನೆರಡು ದಿನಗಳ ಕಥೆ.

ಚಿತ್ರ ಬಿಡುಗಡೆಯಾದಾಗ ಎದ್ದ ದೊಡ್ಡ ಪ್ರಶ್ನೆ ಒಂದೇ: ಹಿಟ್ಲರನನ್ನು ಮನುಷ್ಯನ ಹಾಗೆ ತೋರಿಸಬಹುದೇ? ನಾಯಿಯನ್ನು ಮುದ್ದು ಮಾಡುವ, ಅಡುಗೆಯವಳಿಗೆ ಊಟ ಚೆನ್ನಾಗಿತ್ತು ಅನ್ನುವ, ಕೈ ನಡುಗುವ ಒಬ್ಬ ಮುದುಕನ ಹಾಗೆ? ಈ ಚಿತ್ರದ ಬಗ್ಗೆ ಇವತ್ತಿಗೂ ಮಾತು ಶುರುವಾದರೆ ಅಲ್ಲಿಗೇ ಹೋಗಿ ನಿಲ್ಲುತ್ತದೆ. ನನಗೆ ಇದು ತಪ್ಪು ಪ್ರಶ್ನೆ ಅನಿಸುತ್ತದೆ. ಯಾಕೆ ಅನ್ನುವುದಕ್ಕೆ ನಮ್ಮೂರಿನದೇ ಒಂದು ಉದಾಹರಣೆ ಕೊಡಬಹುದು.

ನಾವು ಯಕ್ಷಗಾನದ ಊರಿನವರು. ಪಾರ್ತಿಸುಬ್ಬನ ಕುಂಬಳೆ ಇಲ್ಲೇ ಹತ್ತಿರ. ತೆಂಕುತಿಟ್ಟಿನಲ್ಲಿ ಬಣ್ಣದ ವೇಷದ ಒಡ್ಡೋಲಗ ನೋಡಿದವರಿಗೆ ಇದು ಗೊತ್ತುಂಟು. ರಾವಣ ಸೀದಾ ಬಂದು ಅಬ್ಬರಿಸುವುದಿಲ್ಲ. ತೆರೆಯ ಹಿಂದೆ, ತೆರೆ ಸ್ವಲ್ಪ ಸ್ವಲ್ಪ ಸರಿಯುವಾಗ, ಅವನ ಸ್ನಾನ, ಭಸ್ಮ ಹಚ್ಚಿಕೊಳ್ಳುವುದು, ಶಿವಪೂಜೆ, ಕನ್ನಡಿ ನೋಡಿ ಸಿಂಗರಿಸಿಕೊಳ್ಳುವುದು ಎಲ್ಲವೂ ಅಭಿನಯದಲ್ಲಿ ಬರುತ್ತವೆ. ಮೂರು ಲೋಕ ನಡುಗಿಸುವವನ ಬೆಳಗಿನ ದಿನಚರಿ. ಅದನ್ನು ನೋಡಿ ‘ರಾವಣನನ್ನು ಯಾಕೆ ಮನುಷ್ಯ ಮಾಡಿದಿರಿ’ ಅಂತ ಯಾವ ಅಜ್ಜನೂ ಭಾಗವತರನ್ನು ಕೇಳಿದ್ದಿಲ್ಲ. ಕನ್ನಡಿ ನೋಡಿಕೊಳ್ಳುವ ಕೈಯೇ ಆಮೇಲೆ ಸೀತೆಯನ್ನು ಎಳೆಯುವ ಕೈ ಅನ್ನುವುದು ಪ್ರೇಕ್ಷಕರಿಗೆ ತಿಳಿದಿರುತ್ತದೆ. ಖಾಸಗಿ ಬದುಕನ್ನು ತೋರಿಸಿದ ಮಾತ್ರಕ್ಕೆ ಪಾಪ ಕಡಿಮೆಯಾಗುವುದಿಲ್ಲ. ಹಾಗಾಗಿ ಆ ಚರ್ಚೆಯನ್ನು ಇಲ್ಲಿಗೇ ಬಿಡ್ತೇನೆ.

ನನ್ನ ಪ್ರಶ್ನೆ ಬೇರೆ. ಸರ್ವಾಧಿಕಾರಿಯ ಕೋಣೆಯೊಳಗೆ ಕ್ಯಾಮೆರಾ ಹೋಗಬೇಕಾದರೆ ಯಾರದೋ ಬೆನ್ನ ಹಿಂದೆ ಹೋಗಬೇಕು. ಕಾರ್ಯದರ್ಶಿ, ಅಡುಗೆಯವಳು, ವೈದ್ಯ, ಸೇನಾಧಿಕಾರಿ, ಹೀಗೆ ಯಾರಾದರೂ ಒಬ್ಬರು. ಅವರ ಜೊತೆ ಹೋದ ಚಿತ್ರ ಅವರ ಬಗ್ಗೆ ಏನು ಹೇಳುತ್ತದೆ? ‘ಡೌನ್‌ಫಾಲ್’ನ ಸಮಸ್ಯೆ ಇರುವುದು ಅಲ್ಲಿ ಅಂತ ನನ್ನ ವಾದ. ಹಿಟ್ಲರನ ಬಗ್ಗೆ ಈ ಚಿತ್ರ ಹೇಳುವುದು ಬಹುಮಟ್ಟಿಗೆ ಸರಿ. ಅವನ ಸುತ್ತ ನಿಂತವರ ಬಗ್ಗೆ ಹೇಳುವುದು ಸರಿಯಿಲ್ಲ.

ಇನ್ನೊಂದು ಸಣ್ಣ ವಿಷಯ, ಪದದ್ದು. ನಾವು ಎರಡು ಭಾಷೆಯ ನಡುವೆ ಇರುವವರು. ಕನ್ನಡದಲ್ಲಿ ‘ಸರ್ವಾಧಿಕಾರಿ’ ಅನ್ನುತ್ತೇವೆ, ಎಲ್ಲ ಅಧಿಕಾರ ಇರುವವನು ಅಂತ. ಮಲಯಾಳದ ಪತ್ರಿಕೆ ತೆರೆದರೆ ‘ಏಕಾಧಿಪತಿ’ ಸಿಗುತ್ತದೆ, ‘ಸ್ವೇಚ್ಛಾಧಿಪತಿ’ಯೂ ಸಿಗುತ್ತದೆ. ಸ್ವೇಚ್ಛೆ, ಅಂದರೆ ತನ್ನ ಇಚ್ಛೆ. ಕನ್ನಡದ ಪದ ಅವನ ಕೈಯಲ್ಲಿ ಏನುಂಟು ಅಂತ ಹೇಳುತ್ತದೆ. ಮಲಯಾಳದ ಪದ ಅವನ ಮನಸ್ಸಿನ ಒಳಗೆ ಕೈ ಹಾಕುತ್ತದೆ. ಖಾಸಗಿ ಬದುಕಿನ ಚಿತ್ರಗಳೆಲ್ಲ ಈ ಎರಡನೇ ಪದದ ಕಡೆ ವಾಲುತ್ತವೆ. ಒಬ್ಬನ ಇಷ್ಟಾನಿಷ್ಟ, ಸಿಟ್ಟು, ಸೊಕ್ಕು, ಇವುಗಳಿಂದಲೇ ಎಲ್ಲ ಆಯಿತು ಅನ್ನುವ ಕಡೆಗೆ. ಆದರೆ ಅಧಿಕಾರ ನಡೆಯಬೇಕಾದರೆ ಸಹಿ ಹಾಕುವವರು, ಟೈಪ್ ಮಾಡುವವರು, ರೈಲು ಬಿಡುವವರು ಸಾವಿರಾರು ಜನ ಬೇಕಲ್ಲ? ಇದನ್ನು ನೆನಪಿನಲ್ಲಿಟ್ಟು ಚಿತ್ರಕ್ಕೆ ಬರುತ್ತೇನೆ.

ಮೊದಲು ಗಾಂಜ್ ಅವರ ನಟನೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಚಿತ್ರದ ನಿಜವಾದ ಸಾಧನೆ ಇದು. ಹಿಟ್ಲರನ ಸಾರ್ವಜನಿಕ ದನಿ ಎಲ್ಲರಿಗೂ ಗೊತ್ತು. ಸುದ್ದಿಚಿತ್ರಗಳಲ್ಲಿ ಕೇಳಿದ್ದೇವೆ, ಚಾಪ್ಲಿನ್ 1940ರಲ್ಲೇ ಅದನ್ನು ಗೇಲಿ ಮಾಡಿ ಮುಗಿಸಿದ್ದಾರೆ. ಆದರೆ ಅವನು ಮನೆಯಲ್ಲಿ, ಊಟದ ಮೇಜಿನಲ್ಲಿ ಹೇಗೆ ಮಾತಾಡುತ್ತಿದ್ದ? 1942ರ ಜೂನ್‌ನಲ್ಲಿ ಹಿಟ್ಲರ್ ಫಿನ್ಲೆಂಡಿಗೆ ಹೋಗಿ ಅಲ್ಲಿನ ಸೇನಾಪತಿ ಮಾನರ್‌ಹೈಮ್ ಅವರನ್ನು ಕಂಡಾಗ ಅಲ್ಲಿಯ ರೇಡಿಯೋದ ಒಬ್ಬ ತಂತ್ರಜ್ಞ ಮಾತುಕತೆಯನ್ನು ಗುಟ್ಟಾಗಿ ಧ್ವನಿಮುದ್ರಿಸಿದ್ದ. ಸುಮಾರು 11 ನಿಮಿಷ. ಗಾಂಜ್ ಕುಳಿತು ಕೇಳಿ ಅಭ್ಯಾಸ ಮಾಡಿದ್ದು ಅದನ್ನು. ತಗ್ಗಿದ, ಸ್ವಲ್ಪ ಒಡಕಾದ, ಆಸ್ಟ್ರಿಯಾದ ಸೊಗಡಿರುವ ದನಿ. ನಡುಗುವ ಎಡಗೈಗಾಗಿ ಪಾರ್ಕಿನ್ಸನ್ ರೋಗಿಗಳನ್ನೂ ಗಮನಿಸಿದ್ದರು. ಹಾಗಾಗಿ ಚಿತ್ರದಲ್ಲಿ ಎರಡು ದನಿಗಳುಂಟು. ಒಂದರಿಂದ ಇನ್ನೊಂದಕ್ಕೆ ಜಾರುವಾಗ ನಡುವೆ ಎಚ್ಚರಿಕೆಯೇ ಇರುವುದಿಲ್ಲ. ಮೃದುವಾಗಿ ಮಾತಾಡುತ್ತಿದ್ದವನು ವಾಕ್ಯದ ಅರ್ಧದಲ್ಲಿ ಕಿರುಚಲು ತೊಡಗುತ್ತಾನೆ. ಕಿರುಚಿ ಮುಗಿದ ಮೇಲೆ ಮತ್ತೆ ಅದೇ ಮೆಲುದನಿ.

ಮನಶ್ಶಾಸ್ತ್ರದ ದೃಷ್ಟಿಯಿಂದ ಚಿತ್ರ ಮಾಡಿದ ಒಳ್ಳೆಯ ನಿರ್ಧಾರ ಅಂದರೆ ಕಾರಣ ಹೇಳಲು ಹೋಗದೆ ಇದ್ದದ್ದು. ಬಾಲ್ಯ ಇಲ್ಲ, ಹೊಡೆದ ಅಪ್ಪ ಇಲ್ಲ, ಕಲಾಶಾಲೆಯಲ್ಲಿ ಸೀಟು ಸಿಗದ ಕಥೆ ಇಲ್ಲ. ಕೇವಲ ನಡವಳಿಕೆ. ಆ ನಡವಳಿಕೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಸೌಜನ್ಯಕ್ಕೂ ಕರುಣೆಗೂ ನಡುವಿನ ಅಂತರ. ಮೊದಲ ದೃಶ್ಯ ನೋಡಿ. 1942ರ ನವೆಂಬರ್. ರಾತ್ರಿ ಕಾಡಿನ ನಡುವೆ ಇರುವ ಸೇನಾ ಠಾಣೆಗೆ ಐದು ಹುಡುಗಿಯರನ್ನು ಕರೆತರುತ್ತಾರೆ, ಕಾರ್ಯದರ್ಶಿ ಕೆಲಸದ ಆಯ್ಕೆಗೆ. ಮ್ಯೂನಿಕ್ಕಿನ ಹುಡುಗಿ ಟ್ರೌಡ್ಲ್‌ಗೆ 22 ವರ್ಷ. ಹೆದರಿಕೆಯಲ್ಲಿ ಟೈಪ್ ಮಾಡುವಾಗ ತಪ್ಪುತ್ತಾಳೆ. ಅವನು ಸಿಟ್ಟಾಗುವುದಿಲ್ಲ. ಇನ್ನೊಮ್ಮೆ ನೋಡುವ ಅನ್ನುತ್ತಾನೆ. ನಮ್ಮಲ್ಲಿ ಯಾರಾದರೂ ಮೊದಲ ಸಂದರ್ಶನಕ್ಕೆ ಹೋದವರಾದರೆ ಆ ಹುಡುಗಿಯ ಜೊತೆ ನಾವೂ ಉಸಿರು ಬಿಡುತ್ತೇವೆ. ಅದೇ ಮನುಷ್ಯ ಆಮೇಲೆ ಬಂಕರಿನ ಊಟದ ಮೇಜಿನಲ್ಲಿ ಹೆಂಗಸರ ಎದುರು, ತುತ್ತು ನುಂಗುತ್ತಾ, ಪ್ರಕೃತಿ ದುರ್ಬಲರಿಗೆ ಕರುಣೆ ತೋರಿಸುವುದಿಲ್ಲ, ತಾನೂ ತೋರಿಸಲಿಲ್ಲ ಅಂತ ಪಾಠ ಹೇಳುತ್ತಾನೆ. ದನಿ ಅದೇ, ಮರ್ಯಾದೆಯೂ ಅದೇ. ಯಾರೂ ಚಮಚ ಕೆಳಗಿಡುವುದಿಲ್ಲ. ಆ ದೃಶ್ಯ ಕಿರುಚಾಟದ ದೃಶ್ಯಕ್ಕಿಂತ ಎಷ್ಟೋ ಭಯಂಕರ, ಆದರೆ ಅದನ್ನು ಯಾರೂ ಯೂಟ್ಯೂಬಿಗೆ ಹಾಕುವುದಿಲ್ಲ.

ಯೂಟ್ಯೂಬ್ ಅಂದೆ. ನಮ್ಮಲ್ಲಿ ಬಹಳ ಜನ ಈ ಚಿತ್ರ ನೋಡುವ ಮೊದಲೇ ಅದರ ನಾಲ್ಕು ನಿಮಿಷ ನೋಡಿರುತ್ತೇವೆ. ಏಪ್ರಿಲ್ 22ರ ಸೇನಾ ಸಭೆ. ನಕಾಶೆಯ ಮೇಜು. ಸ್ಟೈನರ್ ದಾಳಿ ಮಾಡಿದರೆ ಎಲ್ಲ ಸರಿಯಾಗುತ್ತದೆ ಅಂತ ಹಿಟ್ಲರ್ ಹೇಳುತ್ತಾನೆ. ಸ್ಟೈನರ್‌ಗೆ ಸೈನ್ಯ ಕೂಡಿಸಲಾಗಲಿಲ್ಲ ಅಂತ ಸೇನಾಧಿಕಾರಿಗಳು ಹೇಳಬೇಕಾಗುತ್ತದೆ. ಮೌನ. ನಡುಗುವ ಕೈಯಿಂದ ಕನ್ನಡಕ ತೆಗೆಯುತ್ತಾನೆ, ನಾಲ್ವರನ್ನು ಉಳಿಸಿ ಬೇರೆಯವರನ್ನೆಲ್ಲ ಹೊರಗೆ ಕಳಿಸುತ್ತಾನೆ, ಬಾಗಿಲು ಮುಚ್ಚುತ್ತದೆ, ಆಮೇಲೆ ಸ್ಫೋಟ. ಈ ತುಣುಕಿಗೆ ಕ್ರಿಕೆಟ್ ಸೋಲು, ಪರೀಕ್ಷೆಯ ಫಲಿತಾಂಶ, ಹೊಸ ಮೊಬೈಲು, ಚುನಾವಣೆ ಅಂತ ಏನೇನೋ ಅಡಿಬರಹ ಹಾಕಿ ಲೋಕವೆಲ್ಲ ನಗಾಡಿತು. 2010ರಲ್ಲಿ ನಿರ್ಮಾಣ ಸಂಸ್ಥೆ ಅವುಗಳನ್ನು ತೆಗೆಸಲು ಹೊರಟಿತು, ನಿರ್ದೇಶಕರು ಮಾತ್ರ ತಮಗೆ ಅವು ಇಷ್ಟ ಅಂದರು.

ಇದನ್ನು ಬರೀ ತಮಾಷೆ ಅಂತ ಬಿಡುವ ಹಾಗಿಲ್ಲ. ಅಡಿಬರಹ ಅಷ್ಟು ಸುಲಭವಾಗಿ ಬದಲಾಯಿಸಲು ಬರುತ್ತದೆ ಅಂದರೆ ಅದಕ್ಕೆ ದೃಶ್ಯದ ಒಳಗೇ ಕಾರಣ ಇರಬೇಕು. ಅಲ್ಲಿ ಹಿಟ್ಲರ್ ಕಿರುಚುವುದು ಎಂತದ್ದಕ್ಕೆ? ಸೇನಾಧಿಕಾರಿಗಳು ಮೋಸ ಮಾಡಿದರು, ಹೇಡಿಗಳು, ತನ್ನ ಮಾತು ಕೇಳಲಿಲ್ಲ ಅಂತ. ಯಾವ ಕಚೇರಿಯ ಯಾವ ಯಜಮಾನನ ಬಾಯಲ್ಲೂ ಇಡಬಹುದಾದ ಮಾತು. ಅವನು ಮಾಡಿದ ಕೃತ್ಯ ಅಲ್ಲಿ ಇಲ್ಲ, ಅವನಿಗಾದ ನಿರಾಶೆ ಮಾತ್ರ ಉಂಟು. ಭಾವನೆ ಪೂರ್ತಿ, ವಿಷಯ ಖಾಲಿ. ಹಾಗಾಗಿ ಯಾರ ವಿಷಯ ತುಂಬಿದರೂ ಹಿಡಿಸುತ್ತದೆ.

ಆ ನಾಲ್ಕು ನಿಮಿಷದ ನಡುವೆ ಕ್ಯಾಮೆರಾ ಒಮ್ಮೆ ಹೊರಗೆ ಬರುತ್ತದೆ. ನೋಡಿದವರಿಗೆ ನೆನಪಿರಬಹುದು. ಓಣಿಯಲ್ಲಿ ಹೊರಗೆ ಹಾಕಿಸಿಕೊಂಡ ಅಧಿಕಾರಿಗಳು, ಕಾರ್ಯದರ್ಶಿಗಳು ನಿಂತಿದ್ದಾರೆ. ಮುಚ್ಚಿದ ಬಾಗಿಲಿನಿಂದ ದನಿ ಬರುತ್ತಾ ಉಂಟು. ಒಬ್ಬಳು ಅಳುತ್ತಾಳೆ, ಟ್ರೌಡ್ಲ್ ಅವಳಿಗೆ ಆಸರೆಯಾಗುತ್ತಾಳೆ. ಯಾರೂ ಮಾತಾಡುವುದಿಲ್ಲ. ಇಡೀ ಚಿತ್ರದ ಕೀಲಿ ಈ ಓಣಿಯಲ್ಲಿದೆ. ಒಳಗೆ ಒಬ್ಬ ಕಿರುಚುತ್ತಾನೆ, ಹೊರಗೆ ನಿಂತವರೆಲ್ಲ ಹೆದರಿದವರು. ಹೆದರಿದವರನ್ನು ಕಂಡರೆ ನಮಗೆ ಅಯ್ಯೋ ಅನಿಸುತ್ತದೆ. ಅಯ್ಯೋ ಅನಿಸಿದ ಮೇಲೆ, ಇವರು ನಿನ್ನೆಯವರೆಗೆ ಏನು ಮಾಡುತ್ತಿದ್ದರು ಅಂತ ಕೇಳಲು ಮರೆಯುತ್ತೇವೆ. ಅವನ ಕಿರುಚಾಟ ಅವರನ್ನೆಲ್ಲ ತೊಳೆದು ಬಿಡುತ್ತದೆ.

ತೊಳೆದದ್ದು ಯಾರನ್ನು ಅಂತ ಹೆಸರು ಹಿಡಿದು ನೋಡುವ. ಚಿತ್ರದಲ್ಲಿ ನಾವು ಅತಿ ಹೆಚ್ಚು ಗೌರವಿಸುವ ಪಾತ್ರ ಡಾಕ್ಟರ್ ಶೆಂಕ್. ಉರಿಯುವ ನಗರದಲ್ಲಿ ಔಷಧ ಹುಡುಕುತ್ತಾನೆ, ಮುದುಕರನ್ನು ಗುಂಡಿಕ್ಕಲು ಹೊರಟವರನ್ನು ತಡೆಯಲು ನೋಡುತ್ತಾನೆ, ರಕ್ತದಲ್ಲಿ ಮುಳುಗಿ ಶಸ್ತ್ರಚಿಕಿತ್ಸೆ ಮಾಡುತ್ತಾನೆ. ಇತಿಹಾಸದ ಎರ್ನ್ಸ್ಟ್ ಗ್ಯುಂಟರ್ ಶೆಂಕ್ ಎಸ್‌ಎಸ್‌ನ ಆಹಾರ ವಿಭಾಗದ ಅಧಿಕಾರಿ. ಮೌಟ್‌ಹೌಸನ್ ಶಿಬಿರದ ಕೈದಿಗಳ ಮೇಲೆ ನಡೆದ ಆಹಾರ ಪ್ರಯೋಗಗಳ ಜೊತೆ ಅವನ ಹೆಸರು ಸೇರಿಕೊಂಡಿದೆ. ಇನ್ನೊಬ್ಬ ಮೋಂಕೆ, ಜನರನ್ನು ಸುಮ್ಮನೆ ಸಾಯಲು ಬಿಡಬೇಡಿ ಅಂತ ವಾದಿಸುವ ನೇರ ಸೈನಿಕ. 1940ರಲ್ಲಿ ಫ್ರಾನ್ಸಿನ ವೋರ್ಮೂಟ್ ಎಂಬಲ್ಲಿ ಶರಣಾದ ಬ್ರಿಟಿಷ್ ಸೈನಿಕರನ್ನು ಕೊಂದ ಆರೋಪ ಅವನ ಮೇಲಿತ್ತು. ವಿಚಾರಣೆ ಆಗಲೇ ಇಲ್ಲ. ಮೂರನೆಯವನು ಫೆಗಲೈನ್. ಚಿತ್ರದಲ್ಲಿ ಕುಡುಕ, ಲಂಪಟ, ಕೊನೆಗೆ ಹಿಟ್ಲರನ ಸಿಟ್ಟಿಗೆ ಬಲಿ. 1941ರ ಬೇಸಿಗೆಯಲ್ಲಿ ಪ್ರಿಪ್ಯಾತ್ ಜೌಗುನಾಡಿನಲ್ಲಿ ಸಾವಿರಾರು ಯಹೂದಿಗಳನ್ನು ಕೊಂದ ಅಶ್ವದಳದ ನಾಯಕ ಅವನೇ. ಇದು ಯಾವುದೂ ಚಿತ್ರದಲ್ಲಿಲ್ಲ.

ಹನ್ನೆರಡು ದಿನದ ಕಥೆಯಲ್ಲಿ ಹಿಂದಿನದ್ದೆಲ್ಲ ಹೇಗೆ ಹೇಳುವುದು ಅಂತ ಕೇಳಬಹುದು. ನ್ಯಾಯವೇ. ಆದರೆ ಚಿತ್ರದ ಮೂಲ ಎಲ್ಲಿಯದು ಅಂತ ನೋಡಿದರೆ ಇದು ಕೇವಲ ಕಾಲಮಿತಿಯ ಸಮಸ್ಯೆ ಅನಿಸುವುದಿಲ್ಲ. ಮೂಲ ಎರಡು ಪುಸ್ತಕಗಳು. ಒಂದು ಟ್ರೌಡ್ಲ್ ಯುಂಗೆ ಅವರ ನೆನಪುಗಳು. ಇನ್ನೊಂದು ಇತಿಹಾಸಕಾರ ಯೋಆಖಿಮ್ ಫೆಸ್ಟ್ ಬರೆದ ಬಂಕರಿನ ಕಥನ. ಫೆಸ್ಟ್ ಅವರು 1973ರಲ್ಲಿ ಹಿಟ್ಲರನ ದೊಡ್ಡ ಜೀವನಚರಿತ್ರೆ ಬರೆದವರು. ಅದಕ್ಕೂ ಮೊದಲು, ಹಿಟ್ಲರನ ಮಂತ್ರಿಯಾಗಿದ್ದ ಆಲ್ಬರ್ಟ್ ಸ್ಪೀರ್ ಜೈಲಿನಿಂದ ಬಂದು ಆತ್ಮಕಥೆ ಪ್ರಕಟಿಸಿದಾಗ ಅದರ ಸಂಪಾದನೆಗೆ ನೆರವಾದವರೂ ಇವರೇ. ತನಗೆ ಕೊಲೆಶಿಬಿರಗಳ ವಿಷಯ ಗೊತ್ತಿರಲಿಲ್ಲ ಅಂತ ಸ್ಪೀರ್ ಕಟ್ಟಿಕೊಂಡ ಚಿತ್ರಣ ಆಮೇಲೆ ದಾಖಲೆಗಳ ಮುಂದೆ ಕುಸಿಯಿತು. ‘ಡೌನ್‌ಫಾಲ್’ನ ಸ್ಪೀರ್ ಮಾತ್ರ ಇನ್ನೂ ಹಳೆಯ ಸ್ಪೀರ್. ನಿಮ್ಮ ಆಜ್ಞೆ ನಾನು ಪಾಲಿಸಲಿಲ್ಲ ಅಂತ ಹಿಟ್ಲರನ ಎದುರು ನಿಂತು ಒಪ್ಪಿಕೊಳ್ಳುವ ಸಭ್ಯ ಮನುಷ್ಯ. ಅಂದರೆ ಓಣಿಯಲ್ಲಿ ನಿಂತವರು ತಮ್ಮ ಬಗ್ಗೆ ತಾವೇ ಹೇಳಿಕೊಂಡ ಕಥೆಗಳನ್ನು ಚಿತ್ರ ಹಾಗೆಯೇ ತೆಗೆದುಕೊಂಡಿದೆ.

ಈಗ ಎರಡನೇ ಬಾಗಿಲು. ಹಿಟ್ಲರ್ ಮತ್ತು ಈವಾ ಬ್ರೌನ್ ಕೋಣೆಯೊಳಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ. ಈ ಸಲ ಕ್ಯಾಮೆರಾ ಒಳಗೆ ಹೋಗುವುದಿಲ್ಲ. ಟ್ರೌಡ್ಲ್ ಗೊಬೆಲ್ಸನ ಮಕ್ಕಳಿಗೆ ತಿನ್ನಲು ಕೊಡುತ್ತಿರುವಾಗ ಗುಂಡಿನ ಶಬ್ದ ಕೇಳುತ್ತದೆ, ಅಷ್ಟೆ. ಎರಡು ಗಂಟೆ ಅವನ ಊಟ, ಮದುವೆ, ನಾಯಿ, ನಡುಗುವ ಕೈ ಎಲ್ಲ ತೋರಿಸಿದ ಚಿತ್ರ ಅವನ ಸಾವನ್ನು ಮಾತ್ರ ತೋರಿಸುವುದಿಲ್ಲ. ನಿರ್ದೇಶಕ ವಿಮ್ ವೆಂಡರ್ಸ್ 2004ರಲ್ಲೇ ಜರ್ಮನ್ ವಾರಪತ್ರಿಕೆ ‘ದಿ ತ್ಸೈಟ್’ನಲ್ಲಿ ಬರೆದ ಲೇಖನದಲ್ಲಿ ಇದನ್ನೇ ಹಿಡಿದು ಕೇಳಿದರು: ಯಾಕೆ ತೋರಿಸಲಿಲ್ಲ? ಯಾರ ಮರ್ಯಾದೆ ಉಳಿಸಲು? (ಇದೇ ಗಾಂಜ್ 1987ರಲ್ಲಿ ವೆಂಡರ್ಸ್ ಚಿತ್ರದಲ್ಲಿ ಬರ್ಲಿನ್ನಿನ ಮೇಲೆ ಹಾರುವ ದೇವದೂತನಾಗಿದ್ದರು. ಅದನ್ನು ನೆನೆದರೆ ಈ ಜಗಳಕ್ಕೆ ಬೇರೆಯೇ ರುಚಿ.)

ಒಂದು ಸಮರ್ಥನೆ ಸಾಧ್ಯ. ಆ ಕೋಣೆಯಲ್ಲಿ ನಡೆದದ್ದನ್ನು ಕಂಡವರು ಯಾರೂ ಇಲ್ಲ, ಚಿತ್ರ ಸಾಕ್ಷಿಗಳು ಕಂಡದ್ದನ್ನು ಮಾತ್ರ ತೋರಿಸುತ್ತದೆ ಅಂತ. ಆದರೆ ಸ್ವಲ್ಪ ಹೊತ್ತಿನಲ್ಲೇ ಬರುವ ಮೂರನೇ ಬಾಗಿಲು ಈ ಸಮರ್ಥನೆಯನ್ನು ಮುರಿಯುತ್ತದೆ. ಮಾಗ್ಡಾ ಗೊಬೆಲ್ಸ್ ತನ್ನ ಆರು ಮಕ್ಕಳನ್ನು ಕೊಲ್ಲುವ ದೃಶ್ಯ. ಮೊದಲು ನಿದ್ದೆಯ ಮದ್ದು, ದೊಡ್ಡ ಮಗಳು ಹೆಲ್ಗಾ ಬೇಡ ಅಂತ ಹಟ ಹಿಡಿಯುವುದು. ಆಮೇಲೆ ಒಂದೊಂದೇ ಮಂಚದ ಹತ್ತಿರ ಹೋಗಿ, ಮಗುವಿನ ಹಲ್ಲುಗಳ ನಡುವೆ ವಿಷದ ಗುಳಿಗೆ ಇಟ್ಟು ದವಡೆ ಒತ್ತುವುದು. ಗಾಜು ಒಡೆಯುವ ಸಣ್ಣ ಶಬ್ದ. ಹೊದಿಕೆ ಎಳೆದು ಮುಖ ಮುಚ್ಚುವುದು. ಆರು ಸಲ. ಮುಗಿಸಿ ಬಂದು ಅವಳು ಒಬ್ಬಳೇ ಕುಳಿತು ಇಸ್ಪೀಟು ಜೋಡಿಸುತ್ತಾಳೆ. ವಿಷ ಕೊಟ್ಟ ಆ ಗಳಿಗೆಯನ್ನು ಕಂಡು, ಬದುಕುಳಿದು ಸಾಕ್ಷಿ ಹೇಳಿದವರು ಯಾರು? ಯಾರೂ ಇಲ್ಲ. ಆದರೂ ಕ್ಯಾಮೆರಾ ಒಳಗೆ ಹೋಯಿತು, ಉಳಿಯಿತು, ಕಣ್ಣು ತಿರುಗಿಸಲಿಲ್ಲ. ಕೊರಿನ್ನಾ ಹಾರ್ಫೌಖ್ ಅವರ ನಟನೆ ಅಲ್ಲಿ ಎಷ್ಟು ತಣ್ಣಗೆ ಉಂಟು ಅಂದರೆ ಎರಡನೇ ಸಲ ನೋಡಲು ಧೈರ್ಯ ಬೇಕು.

ಹಾಗಾದರೆ ಮಕ್ಕಳ ಸಾವಿಗೆ ಇಲ್ಲದ ಪರದೆ ಅವನ ಸಾವಿಗೆ ಯಾಕೆ? ನನ್ನ ಊಹೆ ಇದು. ಹೊರಗೆ ನಿಂತವರಿಗೆ ಅವನು ಕೊನೆಯವರೆಗೂ ‘ಫ್ಯೂರರ್’. ಅವರು ಆ ಬಾಗಿಲು ತೆರೆಯುವವರಲ್ಲ. ಚಿತ್ರ ಅವರ ಭಯಭಕ್ತಿಯನ್ನು ತನ್ನದಾಗಿ ಮಾಡಿಕೊಂಡಿದೆ. ಶವಕ್ಕೆ ಹೊದಿಸಿದ ಕಂಬಳಿಯನ್ನು ಎತ್ತಿ ನೋಡುವ ಧೈರ್ಯ ಅದಕ್ಕೆ ಬರಲಿಲ್ಲ.

ಇಲ್ಲಿ ನನಗೆ ನಮ್ಮ ಕಡೆಯ ಒಂದು ಚಿತ್ರ ನೆನಪಾಗುತ್ತದೆ. ಅಡೂರ್ ಗೋಪಾಲಕೃಷ್ಣನ್ ಅವರ ‘ವಿಧೇಯನ್’, 1993ರದ್ದು. ಪಾಲ್ ಸಕ್ಕರಿಯಾ ಅವರ ಕಿರುಕಾದಂಬರಿ ಆಧರಿಸಿದ್ದು. ದಕ್ಷಿಣ ಕನ್ನಡದ ಹಳ್ಳಿ, ಪಟೇಲಿಕೆ ಹೋದರೂ ದರ್ಪ ಹೋಗದ ಭಾಸ್ಕರ ಪಟೇಲ, ಕೇರಳದಿಂದ ವಲಸೆ ಬಂದ ತೊಮ್ಮಿ. ಕನ್ನಡ ಬೆರೆತ ಮಲಯಾಳದಲ್ಲಿ ಮಮ್ಮೂಟ್ಟಿ ಮಾತಾಡುವುದನ್ನು ಕೇಳಿದರೆ ನಮಗೆ ಅನುವಾದ ಬೇಡ. ದೇಶ ಆಳುವ ಸರ್ವಾಧಿಕಾರಿಗೂ ಹಳ್ಳಿಯ ಪಟೇಲನಿಗೂ ಹೋಲಿಕೆ ಮಾಡ್ತಾ ಇಲ್ಲ ನಾನು, ಅಳತೆಯೇ ಬೇರೆ. ಹೋಲಿಸುವುದು ಸೇವಕನ ಕಣ್ಣಿನಿಂದ ಧಣಿಯನ್ನು ನೋಡುವ ರೀತಿಯನ್ನು. ತೊಮ್ಮಿಯ ಮುಖಕ್ಕೆ ಪಟೇಲ ಉಗಿಯುತ್ತಾನೆ, ಅವನ ಹೆಂಡತಿ ಓಮನಳನ್ನು ತನ್ನವಳಾಗಿ ಮಾಡಿಕೊಳ್ಳುತ್ತಾನೆ. ಆಮೇಲೆ ತೊಮ್ಮಿ ಹೆಂಡತಿಗೆ ಹೇಳುತ್ತಾನೆ, ನಿನ್ನ ಮೈಯಲ್ಲಿ ಪಟೇಲರ ಅತ್ತರಿನ ಪರಿಮಳ ಉಂಟು, ಚೆನ್ನಾಗಿದೆ ಅಂತ. ಈ ಒಂದು ಮಾತಿಗೆ ಸಮನಾದದ್ದು ‘ಡೌನ್‌ಫಾಲ್’ನ ಎರಡೂವರೆ ಗಂಟೆಯಲ್ಲಿ ಇಲ್ಲ. ತೊಮ್ಮಿ ಹೆದರಿದವನು ಹೌದು, ಹೆದರಿಕೆಯ ಜೊತೆ ಅವನಿಗೆ ಅದರ ಪರಿಮಳವೂ ಹಿಡಿಸಿದೆ. ಪಟೇಲ ತನ್ನ ಹೆಂಡತಿ ಸರೋಜಕ್ಕನನ್ನು ಕೊಂದಾಗ ಜೊತೆಗೆ ನಿಲ್ಲುವವನೂ ಅವನೇ. ಅಡೂರ್ ಅವನನ್ನು ತೊಳೆಯುವುದಿಲ್ಲ. ಹಾಗೆಂದು ದೂಡಿ ಬಿಸಾಡುವುದೂ ಇಲ್ಲ.

ಬಂಕರಿನ ಹೆಂಗಸರಿಗೂ ಒಂದು ಪರಿಮಳ ಹಿಡಿಸಿರಬೇಕಲ್ಲ? ರಾಜಧಾನಿಯ ನಡುವೆ ಇರುವ ಸೊಗಸು, ಲೋಕವೇ ಹೆದರುವವನು ತನ್ನೊಬ್ಬಳ ಜೊತೆ ಮೆಲ್ಲಗೆ ಮಾತಾಡುತ್ತಾನೆ ಅನ್ನುವ ಸುಖ. ನಿಜವಾದ ಟ್ರೌಡ್ಲ್ ಯುಂಗೆ ಇದನ್ನು ಮುಚ್ಚಿಡಲಿಲ್ಲ. 2002ರಲ್ಲಿ ಆಂಡ್ರೆ ಹೆಲ್ಲರ್ ಮತ್ತು ಓಟ್ಮಾರ್ ಶ್ಮಿಡರರ್ ಮಾಡಿದ ಸಾಕ್ಷ್ಯಚಿತ್ರ ಉಂಟು, ಜರ್ಮನ್ ಹೆಸರಿನ ಅರ್ಥ ಸುಮಾರಾಗಿ ‘ಕಾಣದ ಕೋನದಲ್ಲಿ’ ಅಂತ. ಸುಮಾರು ಒಂದೂವರೆ ಗಂಟೆ, ಒಬ್ಬ ಮುದುಕಿ ಕುಳಿತು ಮಾತಾಡುತ್ತಾರೆ. ಹಳೆಯ ದೃಶ್ಯ ಇಲ್ಲ, ಸಂಗೀತ ಇಲ್ಲ. ತಾನು ಹೇಳಿದ್ದನ್ನು ಪರದೆಯ ಮೇಲೆ ತಾನೇ ನೋಡಿ ಅದಕ್ಕೆ ಮತ್ತೆ ಮಾತು ಸೇರಿಸುತ್ತಾರೆ. ಚಿತ್ರ ಬರ್ಲಿನ್ ಉತ್ಸವದಲ್ಲಿ ತೆರೆಕಂಡ ಹೊತ್ತಿನಲ್ಲೇ ತೀರಿಕೊಂಡರು. ‘ಡೌನ್‌ಫಾಲ್’ ಶುರುವಾಗುವುದೂ ಮುಗಿಯುವುದೂ ಈ ಸಾಕ್ಷ್ಯಚಿತ್ರದ ತುಣುಕುಗಳಿಂದ. ಕೊನೆಯ ತುಣುಕಿನಲ್ಲಿ ಅವರು ಹೇಳುವುದು: ಮ್ಯೂನಿಕ್ಕಿನಲ್ಲಿ ಸೋಫಿ ಶೋಲ್ ಹೆಸರಿನ ಫಲಕದ ಮುಂದೆ ಹೋಗುವಾಗ ಗೊತ್ತಾಯಿತು, ಅವಳು ತನ್ನ ವಯಸ್ಸಿನವಳೇ, ತಾನು ಹಿಟ್ಲರನ ಬಳಿ ಕೆಲಸಕ್ಕೆ ಸೇರಿದ ವರ್ಷವೇ ಅವಳನ್ನು ಕೊಂದರು, ಎಳೆಯ ವಯಸ್ಸು ಅನ್ನುವುದು ನೆಪವಾಗದು ಅಂತ. (ಲೆಕ್ಕ ಹಾಕಿದರೆ ಯುಂಗೆ 1920ರವರು, ಸೋಫಿ 1921ರವರು. ಸೋಫಿ ಇನ್ನೂ ಚಿಕ್ಕವಳು.)

ತೊಂದರೆ ಏನೆಂದರೆ, ಈ ಮಾತು ಬರುವ ಸ್ವಲ್ಪ ಮೊದಲು ನಾವು ನೋಡಿದ್ದು ಬೇರೆಯೇ. ಅಲೆಕ್ಸಾಂಡ್ರಾ ಮರಿಯಾ ಲಾರಾ ಅವರ ದೊಡ್ಡ ಕಣ್ಣುಗಳ ಟ್ರೌಡ್ಲ್, ಒಬ್ಬ ಹುಡುಗನ ಕೈ ಹಿಡಿದು ರಷ್ಯನ್ ಸೈನಿಕರ ನಡುವಿನಿಂದ ದಾಟಿ, ಸೈಕಲ್ಲಿನಲ್ಲಿ ಬಿಸಿಲಿಗೆ ಹೋಗುತ್ತಾಳೆ. ಆ ಹುಡುಗ ಕಲ್ಪಿತ ಪಾತ್ರ. ನಿಜವಾದ ಯುಂಗೆ ರಷ್ಯನ್ನರ ಕೈಗೆ ಸಿಕ್ಕಿ ತಿಂಗಳುಗಟ್ಟಲೆ ಬಂಧನದಲ್ಲಿದ್ದವರು. ಸಾಕ್ಷಿ ಹೇಳುವವರ ಬಾಯಿ ‘ನೆಪ ಇಲ್ಲ’ ಅನ್ನುತ್ತದೆ, ಸೈಕಲ್ಲು ‘ಉಂಟು’ ಅನ್ನುತ್ತದೆ. ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಸೈಕಲ್ಲು. ನಾವೂ ಅವಳ ಹಿಂದೆ ಕೂತು ಹೊರಗೆ ಬಂದವರೇ ಅಲ್ಲವಾ!

ಖಾಸಗಿ ಬದುಕಿನ ಚಿತ್ರವನ್ನು ಹೀಗಲ್ಲದೆ ಬೇರೆ ರೀತಿ ಮಾಡಬಹುದು ಅನ್ನುವುದಕ್ಕೆ ಅಲೆಕ್ಸಾಂಡರ್ ಸೊಕುರೊವ್ ಅವರ ‘ಮೊಲೊಖ್’ ಸಾಕ್ಷಿ. 1999ರ ರಷ್ಯನ್ ಚಿತ್ರ, ಕಾನ್ ಉತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿ ಬಂದಿತ್ತು. 1942ರ ಒಂದು ದಿನ, ಮೋಡ ತುಂಬಿದ ಬೆಟ್ಟದ ಮೇಲಿನ ಮನೆ. ಈವಾ ಒಬ್ಬಳೇ ಬಿಸಿಲುಮಾಳಿಗೆಯಲ್ಲಿ ಕಸರತ್ತು ಮಾಡುವಾಗ ಎಲ್ಲಿಂದಲೋ ಕಾವಲುಗಾರರು ಬಂದೂಕಿನ ದುರ್ಬೀನಿನಲ್ಲಿ ನೋಡುತ್ತಿರುತ್ತಾರೆ. ಅಂದರೆ ಖಾಸಗಿ ಅನ್ನುವುದೇ ಅಲ್ಲಿ ಇಲ್ಲ ಅಂತ ಮೊದಲಿಗೇ ಗೊತ್ತಾಗುತ್ತದೆ. ಊಟದ ಮೇಜಿನಲ್ಲಿ ಮಾಂಸದ ಸಾರಿನ ಬಗ್ಗೆ ಹಿಟ್ಲರ್ ಅಸಹ್ಯದ ಮಾತಾಡುತ್ತಾನೆ, ಕುಳಿತವರು ಮುಖಸ್ತುತಿಯಲ್ಲಿ ಸ್ಪರ್ಧೆಗೆ ಬಿದ್ದ ಹಾಗೆ ಆಡುತ್ತಾರೆ. ಅಲ್ಲಿ ಯಾರೂ ಒಳ್ಳೆಯವರಾಗಿ ಕಾಣುವುದಿಲ್ಲ. ಆದರೆ ಸೊಕುರೊವ್‌ಗೂ ಒಂದು ಜಾಗದಲ್ಲಿ ಎಡವಿದೆ. ಆಶ್ವಿಟ್ಜ್ ಹೆಸರು ಬಂದಾಗ ಹಿಟ್ಲರ್ ಅದೇನು ಅಂತ ಗೊತ್ತಿಲ್ಲದವನ ಹಾಗೆ ಕೇಳುತ್ತಾನೆ, ಪಕ್ಕದವರು ಮಾತು ತೇಲಿಸುತ್ತಾರೆ. ನಟನೆಯೋ, ಮರೆವೋ, ವ್ಯಂಗ್ಯವೋ ಚಿತ್ರ ಬಿಡಿಸಿ ಹೇಳುವುದಿಲ್ಲ. ಈ ವಿಷಯದಲ್ಲಿ ಅಸ್ಪಷ್ಟತೆ ಕಲೆಯ ಗುಣ ಅಂತ ನಾನು ಒಪ್ಪಲಾರೆ.

ನನ್ನ ಸಮಯ ಆಗ್ತಾ ಬಂತು ಅಂತ ಸೂಚನೆ ಬಂದಿದೆ. ಒಂದು ದೃಶ್ಯ ಹೇಳಿ ಬಿಡ್ತೇನೆ. ರಾತ್ರಿ ಹಿಟ್ಲರ್ ತನ್ನ ರಾಜಕೀಯ ಉಯಿಲನ್ನು ಹೇಳಿ ಬರೆಸುತ್ತಾನೆ. ಟ್ರೌಡ್ಲ್ ಬರೆದುಕೊಳ್ಳುತ್ತಾಳೆ. ಕೊನೆಗಾದರೂ ಯಾಕೆ ಹೀಗೆಲ್ಲ ಆಯಿತು ಅಂತ ಇವನು ಹೇಳುತ್ತಾನೆ ಅಂತ ತಾನು ಕಾದಿದ್ದೆ, ಆದರೆ ಬಂದದ್ದು ಅದೇ ಹಳೆಯ ಮಾತುಗಳು ಅಂತ ಯುಂಗೆ ನೆನಪಿಸಿಕೊಂಡಿದ್ದಾರೆ. ಯಹೂದಿಗಳ ಮೇಲಿನ ದ್ವೇಷ ಆ ಉಯಿಲಿನ ಉದ್ದಕ್ಕೂ ಇದೆ. ಲಾರಾ ಒಮ್ಮೆ ತಲೆ ಎತ್ತಿ ನೋಡುತ್ತಾರೆ, ಮತ್ತೆ ಬರೆಯುತ್ತಾರೆ. ಆ ನೋಟವನ್ನು ಇನ್ನೂ ಐದು ಸೆಕೆಂಡು ಹಿಡಿದಿದ್ದರೆ ನನ್ನ ಈ ಪ್ರಬಂಧದ ಅರ್ಧ ಬೇಕಿರಲಿಲ್ಲ. ನಮಸ್ಕಾರ.

ಚರ್ಚೆಯಿಂದ

ಪ್ರಶ್ನೆ (ಅಧ್ಯಾಪಕರು): ಶೆಂಕ್, ಮೋಂಕೆ ಇವರ ಹಿಂದಿನ ಕಥೆ ಜರ್ಮನ್ ಪ್ರೇಕ್ಷಕರಿಗೆ ಗೊತ್ತಿರುತ್ತದೆ, ರಾವಣನ ಕಥೆ ನಮಗೆ ಗೊತ್ತಿರುವ ಹಾಗೆ. ನಿಮ್ಮ ಯಕ್ಷಗಾನದ ಉದಾಹರಣೆ ನಿಮ್ಮ ವಾದಕ್ಕೇ ತಿರುಗಿ ಬರುವುದಿಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ಹಿಟ್ಲರನ ವಿಷಯದಲ್ಲಿ ನೀವು ಹೇಳಿದ್ದು ಸರಿ, ಅವನ ಕಥೆ ಎಲ್ಲರಿಗೂ ಗೊತ್ತು. ಹಾಗಾಗಿಯೇ ಅವನ ಮಟ್ಟಿಗೆ ನನಗೆ ತಕರಾರಿಲ್ಲ. ಶೆಂಕ್ ಹಾಗಲ್ಲ. ಅವನ ಹೆಸರನ್ನು ಹೆಚ್ಚಿನವರು ಮೊದಲು ಕೇಳುವುದೇ ಈ ಚಿತ್ರದಲ್ಲಿ. ಆಟದಲ್ಲಿ ಮಾರೀಚನ ಹಿಂದಿನ ಕಥೆ ಪ್ರೇಕ್ಷಕರಿಗೆ ಗೊತ್ತಿಲ್ಲದಿದ್ದರೆ ಅರ್ಥಧಾರಿ ಮಾತಿನಲ್ಲಿ ಹೇಳಿಯೇ ಹೇಳುತ್ತಾನೆ. ಇಲ್ಲಿ ಕೊನೆಗೆ ಯಾರು ಯಾವಾಗ ಸತ್ತರು ಅಂತ ಬರಹ ಬರುತ್ತದೆ, ಅದಕ್ಕೆ ಮೊದಲು ಏನು ಮಾಡಿದ್ದರು ಅಂತ ಬರಬಹುದಿತ್ತು.

ಪ್ರಶ್ನೆ (ವಿದ್ಯಾರ್ಥಿ, ಚಾಟ್‌ನಲ್ಲಿ): ‘ವಿಧೇಯನ್’ ಕೊನೆಯಲ್ಲಿ ತೊಮ್ಮಿ ಕೂಡ ಖುಷಿಯಿಂದ ಓಡುತ್ತಾನಲ್ಲ? ಅದೂ ಸೈಕಲ್ಲಿನ ದೃಶ್ಯದ ಹಾಗೇ ಅಲ್ವಾ?

ಉತ್ತರ: ಓಡುತ್ತಾನೆ, ಹೌದು. ಆದರೆ ಅದಕ್ಕೆ ಮೊದಲು ಪಟೇಲನ ಹೆಣದ ಹತ್ತಿರ ಕೂತು ಅಳುತ್ತಾನೆ. ನಿಜವಾದ ಅಳು ಅದು. ಆಮೇಲೆ ಬಂದೂಕನ್ನು ನೀರಿಗೆ ಎಸೆದು ಓಡುವುದು. ಅಳು ಮತ್ತು ಓಟ ಎರಡೂ ಒಬ್ಬನದ್ದೇ ಅಂತ ತೋರಿಸಿದ್ದರಿಂದ ಆ ಓಟ ನಮಗೆ ಪೂರ್ತಿ ಹಗುರ ಅನಿಸುವುದಿಲ್ಲ. ಟ್ರೌಡ್ಲ್ ಸೈಕಲ್ ಹತ್ತುವ ಮೊದಲು ಅತ್ತದ್ದು ಯಾರಿಗೆ ಅಂತ ಚಿತ್ರ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆ.

ಪ್ರಶ್ನೆ (ಅಧ್ಯಾಪಕರು): ವಿಭಾಗದಲ್ಲಿ ಪ್ರದರ್ಶನ ಇಟ್ಟುಕೊಳ್ಳುವುದಾದರೆ ಏನು ಸಲಹೆ ಕೊಡುತ್ತೀರಿ?

ಉತ್ತರ: ಮೊದಲ ದಿನ ಆ ಮುದುಕಿಯ ಸಾಕ್ಷ್ಯಚಿತ್ರ, ಮರುದಿನ ‘ಡೌನ್‌ಫಾಲ್’. ತಿರುಗಿಸಿ ಇಟ್ಟರೆ ಸಾಕ್ಷ್ಯಚಿತ್ರಕ್ಕೆ ಯಾರೂ ಬರುವುದಿಲ್ಲ ಸರ್. ಮತ್ತೆ ಮಕ್ಕಳ ದೃಶ್ಯದ ಬಗ್ಗೆ ಮೊದಲೇ ಹೇಳಿ ಇಡಬೇಕು, ಎದ್ದು ಹೋಗಬೇಕೆನಿಸಿದವರಿಗೆ ಬಾಗಿಲು ತೆರೆದಿರಲಿ.